ಮೆಣಸಿನಕಾಯಿಗೆ ಕಿರೀಟ

ಆ ದಿನ ನಾನು ಹಳೆಯ ಸೀರೆ ಉಡಬೇಕಿತ್ತು, ಉಡಲಿಲ್ಲ. ಇದೂ ಒಂದು ತಪ್ಪೇ ಎಂದು ನೀವು ಕೇಳಬಹುದು. ತೆಲುಗು ಸೀಮೆಯ ಅಂಚಿನ ನಮ್ಮ ಆದೋನಿಯ ಕಡೆ ಹೆಣ್ಣು ನೋಡಲು ಬಂದಾಗ ಮದುವೆಯಾದ ಅಕ್ಕ ತಂಗಿಯ ಪಕ್ಕದಲ್ಲಿ ಕೂರುವ ರೂಢಿ ನಮ್ಮಂಥ ಮನೆಗಳಲ್ಲಿದೆ. ಹಾಗೆ ಕೂರುವ ಅಕ್ಕ ಅಂದು ತೊಳೆದು ತೊಳೆದು ಬಣ್ಣ ಬಿಟ್ಟ ಸೀರೆಯನ್ನೇ ಉಡಬೇಕು, ಹೂವನ್ನೂ ತಂಗಿಗಿಂತ ಕಡಿಮೆಯೇ ಮುಡಿಯಬೇಕು. ನೋಡುವವರ ಕಣ್ಣು ಹುಡುಗಿಯ ಮೇಲಿಂದ ಅತ್ತಿತ್ತ ಜಾರದಿರಲಿ ಎಂದು ಹಿರಿಯರು ಕಂಡುಕೊಂಡ ಉಪಾಯ ಅದು. ಅವ್ವ ಬೆಳಿಗ್ಗೆಯೇ ಅಡುಗೆಮನೆಯಲ್ಲಿ ನನ್ನೊಬ್ಬಳನ್ನೇ ಕರೆದು ಹೇಳಿದ್ದಳು: "ಇವತ್ತಿನ ದಿನ ನಿಂದಲ್ಲವ್ವಾ, ತಂಗೀದು. ಆ ಹಳೇ ಹಸರ ಸೀರಿ ಉಟ್ಕೋ." ಹೂಂ ಎಂದೆ. ಹೂಂ ಎಂದವಳೇ ಪೆಟ್ಟಿಗೆ ತೆರೆದು, ಗಂಡ ಹೊಸದಾಗಿ ಕೊಡಿಸಿದ್ದ ನೇರಳೆ ರೇಷ್ಮೆ ಸೀರೆ ಉಟ್ಟು, ತಂಗಿ ಗಿರಿಜೆಯ ಪಕ್ಕ ಬಂದು ಕುಳಿತೆ.

ಬಂದವರಲ್ಲಿ ಹುಡುಗನ ಸೋದರತ್ತೆಯೊಬ್ಬಳಿದ್ದಳು. ಉಪ್ಪಿಟ್ಟಿನ ತಟ್ಟೆಯನ್ನು ಕೆಳಗಿಟ್ಟು, ಸೆರಗಿನಿಂದ ಬಾಯೊರೆಸಿಕೊಂಡು, "ಇಬ್ರೂ ಬೆನ್ನಿಗೆ ಬೆನ್ನ ಹಚ್ಚಿ ನಿಂದರ್ರಿ, ನೋಡೋಣು" ಎಂದಳು. ನಾನು ಕೂತಲ್ಲೇ ಕೂತಿದ್ದರೆ ಸಾಕಿತ್ತು. ನೋಡಬೇಕಾದವಳು ಆಕಿ, ನಾನಲ್ಲ ಎಂಬ ಒಂದೇ ಒಂದು ಮಾತು ಸಾಕಿತ್ತು. ನಾನು ಎದ್ದು ನಿಂತೆ; ಬರೀ ನಿಲ್ಲಲಿಲ್ಲ, ಕತ್ತು ನೀಳ ಮಾಡಿ ನಿಂತೆ. "ಇಬ್ರೂ ಒಂದ ಹೊಟ್ಟ್ಯಾಗ ಹುಟ್ಟೀರೇನ? ನಮಗ ಇಂಥಾಕಿ ಬೇಕಾಗಿತ್ತು ನೋಡ್ರಿ" ಎಂದು ಆಕೆ ನನ್ನನ್ನು ತೋರಿಸಿದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ನನಗಿಂತ ಗಿಡ್ಡಗಿದ್ದ ಗಿರಿಜೆಯ ಬೆನ್ನು ಆಗಲೂ ನನ್ನ ಬೆನ್ನಿಗೆ ತಾಗಿಕೊಂಡೇ ಇತ್ತು. ನನ್ನ ನಗು ಅವಳಿಗೆ ಕಿವಿಗಿಂತ ಮೊದಲು ಬೆನ್ನೆಲುಬಿನಲ್ಲೇ ತಿಳಿದಿರಬೇಕು.

ಅವರು ಮತ್ತೆ ಬರಲಿಲ್ಲ. ಗಿರಿಜೆ ಇನ್ನು ಯಾರ ಮುಂದೆಯೂ ಕೂರುವುದಿಲ್ಲ ಎಂದಳು, ಹಟ ಹಿಡಿದು ಓದಿದಳು, ಟೀಚರ್ ಆದಳು. ನನ್ನ ತಪ್ಪನ್ನು ದೊಡ್ಡದು ಮಾಡುವ ಭರದಲ್ಲಿ ಅವಳ ಬದುಕನ್ನು ಬಡವಾಗಿಸಿ ಹೇಳಲಾರೆ: ಅವಳು ಚೆನ್ನಾಗಿದ್ದಾಳೆ, ಚೆನ್ನಾಗಿ ನಗುತ್ತಾಳೆ, ನನ್ನೊಡನೆ ಮಾತು ಬಿಟ್ಟವಳೂ ಅಲ್ಲ. ಆದರೆ ಮದುವೆ ಮುಂಜಿಗಳಲ್ಲಿ ಫೋಟೋ ತೆಗೆಯುವವನು ಎಲ್ಲರನ್ನೂ ಸಾಲಾಗಿ ನಿಲ್ಲಿಸುವ ಹೊತ್ತಿಗೆ ನಾನು ಈ ತುದಿಯಲ್ಲಿದ್ದರೆ ಅವಳು ಆ ತುದಿಗೆ ಹೋಗಿರುತ್ತಾಳೆ. ಯಾಕೆಂದು ನಾನು ಕೇಳಿಲ್ಲ, ಅವಳು ಹೇಳಿಲ್ಲ. ಕ್ಷಮಿಸು ಎಂಬ ಮಾತು ಉಳ್ಳಾಗಡ್ಡಿ ಹೆಚ್ಚುವಾಗ, ರೊಟ್ಟಿ ಬಡಿಯುವಾಗ ಎಷ್ಟೋ ಸಲ ಗಂಟಲವರೆಗೆ ಬಂದು, ಹೊಸಲಲ್ಲಿ ನೆಂಟರನ್ನು ಕಂಡ ನಾಚಿಕೆಯ ಮಗುವಿನಂತೆ ಒಳಗೋಡಿದೆ.

ಇಷ್ಟರಲ್ಲಿ ಈ ವರ್ಷ ಅವಳು ಸ್ಕೂಟಿಯಿಂದ ಬಿದ್ದು ಕಾಲು ಉಳುಕಿಸಿಕೊಂಡಳು. ನೋಡಲು ಹೋದ ನಾನು ರಜೆ ಹಾಕು ಎಂದರೆ ಕೇಳಲಿಲ್ಲ. "ಇವತ್ತ ಆಟ ಐತಿ ಅಕ್ಕಾ. ಹುಡುಗ್ರು ಮನಿಯಿಂದ ಸಾಮಾನ ತರ್ತಾರ, ನಾ ಹೋಗ್ಲಿಲ್ಲಂದ್ರ ಹೆಂಗ?"

"ಆಟ ಆಡ್ಸಾಕ ಪಗಾರ ಕೊಡ್ತಾರೇನ ನಿಮಗ?"

"ಹೂಂ, ನೀ ಬಾ ನೋಡಾಕ. ಬಸ್ಸಿನಾಗ ಹಿಡ್ಕೊಳ್ಳಾಕ ಒಬ್ರು ಬೇಕ ನನಗ."

ಹೀಗೆ, ತಂಗಿ ಇಷ್ಟು ವರ್ಷ ಪಾಠ ಹೇಳಿದರೂ ಒಮ್ಮೆಯೂ ಅವಳ ಶಾಲೆಯ ಬಾಗಿಲು ತುಳಿಯದಿದ್ದ ನಾನು, ಹೊಳಗುಂದದ ಕಡೆಯ ಆ ಹಳ್ಳಿಗೆ ಅವಳ ಊರುಗೋಲಾಗಿ ಹೋದೆ. ನಾನು ಓದಿದ್ದು ಏಳನೇ ತರಗತಿ, ಅದೂ ಸೋದರಮಾವನ ಊರಿನ ಕನ್ನಡ ಶಾಲೆಯಲ್ಲಿ. ಗಿರಿಜೆ ಕಲಿಸುವ ಇಂಗ್ಲೀಷೆಂದರೆ ನನಗೆ ಔಷಧದ ಡಬ್ಬಿಯ ಮೇಲಿನ ಇರುವೆ ಸಾಲು. ಆ ಮಕ್ಕಳಿಗೂ ಹೆಚ್ಚುಕಡಿಮೆ ಹಾಗೆಯೇ: ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಪುಸ್ತಕದಲ್ಲಿ ಇಂಗ್ಲೀಷು.

ನನ್ನನ್ನು ಹಿಂದಿನ ಕುರ್ಚಿಯಲ್ಲಿ ಕೂರಿಸಿದರು. ಮಕ್ಕಳು ಚೀಲ ಸುರುವಿದರು ನೋಡಿ, ನೆಲದ ತುಂಬ ಊರೇ ಬಂದು ಬಿದ್ದಂತಾಯಿತು: ಕೆಂಪು ಮೆಣಸಿನಕಾಯಿ, ಜೋಳದ ತೆನೆ, ಶೇಂಗಾ, ಬಿರಿದ ಹತ್ತಿಕಾಯಿ, ಸಾರಿನ ಸೌಟು, ಎತ್ತಿನ ಕೊರಳ ಗಂಟೆ. ಗಿರಿಜೆ ಸೀಮೆಸುಣ್ಣದಿಂದ ನೆಲದ ಮೇಲೊಂದು ವೃತ್ತ ಬರೆದಳು. ಅದರ ನಡುವೆ ಒಂದು ಮೆಣಸಿನಕಾಯಿ ಇಟ್ಟು, ಅದರ ತೊಟ್ಟಿಗೆ ಹಳೆಯ ಪೇಪರಿನಲ್ಲಿ ಮಾಡಿದ ಹೆಬ್ಬೆರಳಷ್ಟು ಗಾತ್ರದ ಕಿರೀಟ ತೊಡಿಸಿದಳು.

"ಮೇಡಂ, ನಂದು ಇನ್ನಾ ಪೊಡುಗೈತ್ರಿ!" ಎಂದು ಈರೇಶನೆಂಬ ಹುಡುಗ ತನ್ನ ಮೆಣಸಿನಕಾಯಿ ಎತ್ತಿ ಹಿಡಿದು, ತೆಲುಗಿನ ಉದ್ದವನ್ನು ಕನ್ನಡಕ್ಕೆ ಕಟ್ಟಿ ಕೂಗಿದ.

"ಪೊಡುಗೂ ಬ್ಯಾಡ, ಉದ್ದನೂ ಬ್ಯಾಡ. ಗೆರಿ ಒಳಗ ಕಾಲಿಟ್ರ ಇಂಗ್ಲೀಷ್."

ಅವನು ಕಾಲಿಟ್ಟ. ಉಗುಳು ನುಂಗಿದ. "ಮೈ ಚಿಲ್ಲಿ ಈಸ್ ಲಾಂಗರ್!" ಕಿರೀಟ ಅವನ ಕಾಯಿಗೆ ಬಂತು. ಮರುಗಳಿಗೆಯಲ್ಲಿ ಇನ್ನೊಬ್ಬಳ ಕಾಯಿ ಅದನ್ನೂ ಮೀರಿಸಿತು. ಕೊನೆಗೆ ಮೀರಿಸಲು ಯಾರೂ ಉಳಿಯದಾದಾಗ ತರಗತಿಗೆ ತರಗತಿಯೇ "ಲಾಂಗೆಸ್ಟ್!" ಎಂದು ಸೂರು ಹಾರುವಂತೆ ಕೂಗಿತು. ಆದರೆ ಸೋತ ಕಾಯಿಗಳನ್ನು ಯಾರೂ ಬಿಸಾಡಲಿಲ್ಲ. ಉದ್ದದಲ್ಲಿ ಸೋತದ್ದು ಕೆಂಪಿನಲ್ಲಿ ಗೆದ್ದಿತು. ಭಾರದಲ್ಲಿ ರಾಜನಾಗಿ ಮೆರೆದ ಎತ್ತಿನ ಗಂಟೆ, ಹಗುರದ ಸರದಿ ಬಂದಾಗ ಹತ್ತಿಯ ಮುಂದೆ ಮುಖ ಸಪ್ಪಗೆ ಮಾಡಿಕೊಂಡು ಕೂತಿತು. ಕಿರೀಟ ಒಂದೇ, ಅದು ಯಾರ ತಲೆಯ ಮೇಲೂ ಬೇರು ಬಿಡಲಿಲ್ಲ.

ನಾನು ಬೆರಗಾಗಿ ಕುಳಿತಿದ್ದೆ. ಹುಟ್ಟಿದಂದಿನಿಂದ ಅದಕ್ಕಿಂತ ಇದು, ಅವಳಿಗಿಂತ ಇವಳು ಎಂದು ಅಳೆಯುತ್ತಲೇ ಬಂದವಳು ನಾನು. ಹೀಗೆ ಅಳೆಯುವುದರಲ್ಲಿ ಇಷ್ಟು ಸಂತೋಷವೂ ಇರಬಲ್ಲದು, ಅಳೆದ ಮೇಲೂ ಎಲ್ಲರೂ ಒಟ್ಟಿಗೆ ಕೂತು ನಗಬಲ್ಲರು ಎಂಬುದು ನನಗೆ ಗೊತ್ತಿರಲಿಲ್ಲ. ನಾನು ಆಟ ಎಂದು ಹಂಗಿಸಿದ್ದರ ಒಳಗೆ ಎಷ್ಟು ಯೋಚನೆ, ಎಷ್ಟು ಕರುಣೆ ಹೆಣೆದುಕೊಂಡಿತ್ತು!

ಆಗ ಈರೇಶ ಹುರುಪಿನಲ್ಲಿ ಎದ್ದ. ಮುಂದಿನ ಸಾಲಿನ ಪುಟ್ಟ ಹುಡುಗಿಯತ್ತ ಬೆರಳು ಮಾಡಿ, "ಮೇಡಂ, ಮಾದೇವಿ ಈಸ್ ಶಾರ್ಟೆಸ್ಟ್!" ಎಂದ. ತರಗತಿ ಗೊಳ್ಳೆಂದು ನಕ್ಕಿತು. ಆ ನಗುವನ್ನು ನಾನು ಬಲ್ಲೆ, ಅದರೊಳಗೆ ನಾನಿದ್ದೆ.

ಗಿರಿಜೆ ಬೈಯಲಿಲ್ಲ. "ಇಂಗ್ಲೀಷ್ ಸರಿ ಐತಿ ಈರೇಶಾ. ಆಟದ ನೇಮ ತಪ್ಪಿದಿ. ನೇಮ ಏನು, ಎಲ್ರೂ ಹೇಳ್ರಿ?"

"ಮನಿಷ್ಯಾರನ್ನ ಮನಿಷ್ಯಾರ ಪಕ್ಕ ನಿಂದರಸಬಾರ್ದು!" ಎಂದು ಮಕ್ಕಳು ಒಕ್ಕೊರಲಿನಲ್ಲಿ ಹೇಳಿದರು.

"ಮತ್ತ ಯಾರ ಪಕ್ಕ ನಿಂದರಸಬೇಕು?"

"ತಮ್ಮ ದಾರದ ಪಕ್ಕ!"

ಗೋಡೆಯುದ್ದಕ್ಕೂ ಮೊಳೆಗಳಿಗೆ ಬಣ್ಣಬಣ್ಣದ ದಾರಗಳು ಇಳಿಬಿದ್ದಿದ್ದವು. ಅಲಂಕಾರವೆಂದುಕೊಂಡಿದ್ದೆ. ಎಮ್ಮಿಗನೂರಿನ ಮಗ್ಗಗಳಲ್ಲಿ ಉಳಿದ ನೂಲು ತಂದು, ಗಿರಿಜೆ ಈ ವರ್ಷದ ತರಗತಿ ಶುರುವಾದಾಗ ಪ್ರತಿ ಮಗುವಿನ ಎತ್ತರಕ್ಕೆ ಒಂದೊಂದು ದಾರ ಕತ್ತರಿಸಿ ಇಟ್ಟಿದ್ದಾಳಂತೆ. ಮಾದೇವಿ ತನ್ನ ಅರಿಸಿನ ಬಣ್ಣದ ದಾರ ತೆಗೆದು, ಒಂದು ತುದಿಯನ್ನು ಹಿಮ್ಮಡಿಯಿಂದ ಒತ್ತಿ ಹಿಡಿದು, ಇನ್ನೊಂದನ್ನು ಮೇಲಕ್ಕೆಳೆದಳು. ದಾರ ನೆತ್ತಿಗಿಂತ ಎರಡು ಬೆರಳು ಕೆಳಗೇ ಮುಗಿದುಹೋಯಿತು. ಅವಳ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. "ಐ ಆಮ್ ಟಾಲರ್ ದ್ಯಾನ್ ಮೈ ದಾರ!" ಚಪ್ಪಾಳೆ ಬಿತ್ತು. ಈರೇಶನೂ ಓಡಿಹೋಗಿ ತನ್ನ ದಾರ ತಂದು ಕಾಲ್ಬೆರಳ ತುದಿಯಲ್ಲಿ ನಿಂತ. "ಹಿಮ್ಮಡಿ ಇಳಸೋ ಕಳ್ಳಾ!" ಎಂದು ಮಾದೇವಿಯೇ ಕೂಗಿದಳು.

ಆ ನೇಮ ಎಲ್ಲಿಂದ ಬಂತೆಂದು ನಾನು ಯಾರನ್ನೂ ಕೇಳಬೇಕಿರಲಿಲ್ಲ. ನನ್ನಿಂದ ಒಳ್ಳೆಯದೇ ಆಯಿತೆಂದು ಸಮಾಧಾನ ಪಡುವ ಹಕ್ಕೂ ನನಗಿಲ್ಲ. ನೊಂದವರೆಲ್ಲ ಇಂಥ ನೇಮ ಮಾಡುವುದಿಲ್ಲ. ಹೆಚ್ಚಿನವರು ತಮಗಾದ ನೋವನ್ನು ಇನ್ನೊಬ್ಬರ ಬೆನ್ನಿಗೆ ದಾಟಿಸಿ ಹಗುರಾಗುತ್ತಾರೆ. ಅವಳು ಮಾತ್ರ ಅದನ್ನು ತನ್ನ ಬೆನ್ನಿನಲ್ಲೇ ತಡೆದು ನಿಲ್ಲಿಸಿ, ಇಷ್ಟೊಂದು ಮಕ್ಕಳನ್ನು ಅದರಾಚೆ ಸುರಕ್ಷಿತವಾಗಿ ಬೆಳೆಯಲು ಬಿಟ್ಟಿದ್ದಳು. ನನ್ನ ಒಡಹುಟ್ಟಿದವಳು ಇಷ್ಟು ದೊಡ್ಡವಳೆಂದು ತಿಳಿಯಲು ನಾನು ಕೊನೆಯ ಸಾಲಿನಲ್ಲಿ ಕೂರಬೇಕಾಯಿತು.

ಸಂಜೆ ಬಸ್ಸಿಗೆ ಕಾಯುತ್ತ ನಿಂತಿದ್ದೆವು. ನೋಯುವ ಕಾಲನ್ನು ತುಸು ಎತ್ತಿ, ಒಂದು ಕೈಯನ್ನು ನನ್ನ ಹೆಗಲ ಮೇಲಿಟ್ಟಿದ್ದಳು. ಸುತ್ತ ಎರೆಹೊಲಗಳಲ್ಲಿ ಹತ್ತಿ ಬಿಡಿಸುವವರು ಮನೆಯ ಕಡೆ ಹೊರಟಿದ್ದರು.

"ಏನಕ್ಕಾ, ಇಂಗ್ಲೀಷ್ ಬಂತೇನ ನಿನಗ?" ಎಂದು ಕೆಣಕಿದಳು.

"ಬಂತವ್ವಾ. ಹುಡುಗ್ರು ಶಾಣ್ಯಾ ಅದಾವ."

"ಹುಡುಗ್ರು ಅಷ್ಟ ಏನ? ಟೀಚರ್?"

ನನಗೆ ನಗಲಾಗಲಿಲ್ಲ. ದೂರದಲ್ಲಿ ಬಸ್ಸಿನ ಧೂಳು ಕಾಣುತ್ತಿತ್ತು. ಅದು ಬಂದರೆ ಜನ, ಗದ್ದಲ, ಮತ್ತೆ ಮನೆ, ಮತ್ತೆ ರೊಟ್ಟಿ, ಮತ್ತೆ ಆ ಮಾತು ಗಂಟಲಿನಲ್ಲೇ. ಹೆಗಲ ಮೇಲಿದ್ದ ಅವಳ ಕೈಯನ್ನು ಹಿಡಿದುಕೊಂಡೆ.

"ಗಿರಿಜಾ, ನಿನ್ನ ನೋಡಾಕ ಬಂದಿದ್ರಲ್ಲ, ಅವತ್ತ ಅವ್ವ ನನಗ ಹಳೇ ಸೀರಿ ಉಟ್ಕೋ ಅಂದಿದ್ಲು. ನಿನಗ ಇದು ಗೊತ್ತಿಲ್ಲ. ನಾ ಬೇಕಂತನ ಹೊಸಾದು ಉಟ್ಟೆ. ಆಕಿ ನಿಂದರ್ರಿ ಅಂದಾಗ ನಿಂತೆ, ಅವ್ರು ನಕ್ಕಾಗ ನಕ್ಕೆ. ವಯಸ್ಸಿನಾಗ ಸಣ್ಣಾಕಿ ಅನ್ನಾಂಗಿಲ್ಲ, ನಿನ್ನ ಕಾಲ ಮುಟ್ಟಿ ಹೇಳ್ತೀನಿ, ನಂದ ತಪ್ಪಾತವ್ವಾ. ನನ್ನ ಕ್ಷಮಿಸು."