ಸವೆಯದ ಚಪ್ಪಲಿ

ಸಕ್ಕರೆ ಕಾಯಿಲೆ ಬಂದಾಗ ಟೈಲರ್ ಮಾವನ ಕೈಗೆ ಹೆಜ್ಜೆ ಎಣಿಸುವ ವಾಚು ಕಟ್ಟಿದ್ದು ಮಗಳು. "ದಿನಾ ನಡೀಬೇಕಪ್ಪ, ಎಷ್ಟು ನಡೆದ್ರಿ ಅಂತ ಇದೇ ಹೇಳುತ್ತೆ."

ಮೊದಮೊದಲು ನಡೆದರು. ಆಮೇಲೆ ಅಂಗಡಿಯಲ್ಲಿ ಹೊಲಿಗೆ ರಾಶಿ ಬಿತ್ತು. ಬಟ್ಟೆ ಸರಿಸುವಾಗ ಅಡ್ಡ ಬರುತ್ತದೆಂದು ಒಂದು ದಿನ ವಾಚು ಬಿಚ್ಚಿ ಕಾಲಿಗೆ ಕಟ್ಟಿಕೊಂಡು ಮಷಿನ್ ತುಳಿದರು. ಸಂಜೆ ನೋಡಿದರೆ ಊರೆಲ್ಲ ಸುತ್ತಿದಷ್ಟು ಹೆಜ್ಜೆ! ಮನೆಗೆ ಹೋಗಿ ಹೇಳಿ ನಗಬೇಕೆಂದುಕೊಂಡಿದ್ದರು. ಮನೆ ತಲುಪಿ ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ವಾಚಿನ ಅಂಕಿ ನೋಡಿ ಮಗಳಿಗೆ ಫೋನ್ ಮಾಡಿಯಾಗಿತ್ತು. "ನಿಮ್ಮಪ್ಪ ಎಷ್ಟು ನಡೆದಿದ್ದಾರೆ ಗೊತ್ತೇನೇ!" ಆ ಹೆಮ್ಮೆ ಕಂಡು ಮಾವ ನಿಜ ಹೇಳುವುದನ್ನು ನಾಳೆಗೆ ಮುಂದೂಡಿದರು.

ಅಂದಿನಿಂದ ವಾಚು ಅಂಗಡಿಯಲ್ಲಿ ಕಾಲಿಗೆ, ಮನೆಯಲ್ಲಿ ಕೈಗೆ.

ಎಡವಟ್ಟಾದದ್ದು ಹೆಂಡತಿಗೂ ಹುರುಪು ಬಂದಾಗ. ಮಂಡಿನೋವಿನ ಹೆಂಗಸು ತಾನೂ ಒಂದು ವಾಚು ತರಿಸಿಕೊಂಡು ಬೆಳಿಗ್ಗೆ ಸಂಜೆ ಪಾರ್ಕು ಸುತ್ತತೊಡಗಿದಳು. ಮನೆಯ ಮೆಟ್ಟಿಲನ್ನು ಗೋಡೆ ಹಿಡಿದು ಹತ್ತುತ್ತಿದ್ದಳು.

"ಸಾಕು ಬಿಡೇ, ಯಾರ ಜೊತೆ ಪೈಪೋಟಿ ನಿಂದು?" ಮಾವ ರೇಗಿದರು.

"ನಿಮ್ಮ ಜೊತೇನೇ. ಇನ್ನೂ ನಿಮ್ಮ ಅರ್ಧಕ್ಕೂ ಬಂದಿಲ್ಲ."

ನಿನ್ನೆ ಅವಳ ಚಪ್ಪಲಿಯ ಬಾರು ಕಿತ್ತುಹೋಯಿತು. ಮಾವ ದಪ್ಪ ಸೂಜಿ ಹಿಡಿದು ಹೊಲಿಯಲು ಕುಳಿತರು. ಹಿಮ್ಮಡಿಯ ಕಡೆ ಅಟ್ಟೆ ಕಾಗದದಷ್ಟು ತೆಳ್ಳಗೆ ಸವೆದಿತ್ತು. ಸೂಜಿ ಕೆಳಗಿಟ್ಟರು. ಇವತ್ತು ಹೇಳಿಯೇಬಿಡುತ್ತೇನೆಂದು ಬಾಯಿ ತೆರೆದರು.

ಅಷ್ಟರಲ್ಲಿ ಅವಳು ಬಾಗಿಲಲ್ಲಿದ್ದ ಅವರ ಚಪ್ಪಲಿಯನ್ನು ಎತ್ತಿ ತಿರುಗಿಸಿ ನೋಡಿದಳು.

"ಅಷ್ಟೊಂದು ನಡೆದ್ರೂ ಹೊಸದರ ಹಾಗೇ ಇದೆಯಲ್ಲ! ನನಗೂ ಇದನ್ನ ತಗೊಂಡ ಅಂಗಡೀಲೇ ಒಂದು ಜೊತೆ ತಂದುಕೊಡಿ."