ಮಂಗಳವಾರ ಹನ್ನೊಂದರ ಜಾಗ

ಅಂಗಡಿಗೆ ಯಾರೇ ಬರಲಿ, ಹೊಲಿಗೆಯಕ್ಕ ಟೇಪು ಎತ್ತುವ ಮೊದಲೇ ಅಳತೆ ಹೇಳಿಬಿಡುತ್ತಿದ್ದಳು. ಎದೆ ಮೂವತ್ತಾರು ಎಂದರೆ ಮೂವತ್ತಾರೇ, ಕೂದಲೆಳೆ ಆಚೆಯಿಲ್ಲ ಈಚೆಯಿಲ್ಲ. ಇಪ್ಪತ್ತು ವರ್ಷ ಬಟ್ಟೆ ಕತ್ತರಿಸಿದ ಕಣ್ಣು ಅದು. ಆ ಕಣ್ಣೇ ಮನೆಯಲ್ಲಿ ಅವಳಿಗೆ ಮುಳುವಾಯಿತು.

ಮಗಳಿಗೆ ಏಳು ವರ್ಷ. ಖುಷಿಯಾದರೆ ನಿಂತಲ್ಲೇ ಗಿರಗಿರನೆ ಸುತ್ತುತ್ತಾಳೆಂದು ಎಲ್ಲರ ಬಾಯಲ್ಲೂ ಅವಳು ಬುಗುರಿ. ಮಾತು ಬಂದಿರಲಿಲ್ಲ. ಇದು ಬೇಕು, ಅದು ಬೇಡ ಎಂದು ಬೆರಳು ತೋರಿಸಿದವಳೂ ಅಲ್ಲ. ತೋರಿಸುವ ಕಷ್ಟವನ್ನು ಅಮ್ಮ ಕೊಟ್ಟಿದ್ದರೆ ತಾನೆ? ತುಟಿ ಒಣಗುವ ಮೊದಲೇ ನೀರು, ಹೊಟ್ಟೆ ಚುರ್ ಅನ್ನುವ ಮೊದಲೇ ತುತ್ತು, ಕಣ್ಣು ಎಳೆಯುವ ಮೊದಲೇ ಮಡಿಲು.

ಇಂಥ ಮಕ್ಕಳಿಗೆ ಕಲಿಸುವ ಕೇಂದ್ರ ಎಂದುಕೊಂಡು ಹೋದರೆ, ಅಲ್ಲಿ ಕಲಿಸುವುದು ಅಪ್ಪ ಅಮ್ಮಂದಿರಿಗೆ. ಹಳೆಯ ಕಟ್ಟಡದ ಎರಡನೇ ಮಹಡಿ, ನೀಲಿ ಬಾಗಿಲು, ಹೊರಗೊಂದು ಉದ್ದ ಬೆಂಚು. ವಾರಕ್ಕೊಮ್ಮೆ ಒಂದು ಗಂಟೆ. ಒಂದು ವರ್ಷ ಕಾದ ಮೇಲೆ ಹೊಲಿಗೆಯಕ್ಕನಿಗೆ ಸಿಕ್ಕಿದ್ದು ಮಂಗಳವಾರ ಹನ್ನೊಂದರ ಜಾಗ. ಕಲಿಸುವಾಕೆಗೆ ಬೆಂಚಿನವರು ಇಟ್ಟ ಹೆಸರು ‘ತಡೀರಿ ಮೇಡಮ್’. ಬಾಯಿ ತೆರೆದರೆ ಅದೇ ಮಾತು.

“ತಡೀರಿ. ಖಾಲಿ ಲೋಟ ಅವಳ ಮುಂದಿಡಿ, ಜಗ್ಗು ನಿಮ್ಮ ಹತ್ರ ಇರ್ಲಿ. ನೀರು ಬೇಕು ಅಂತ ಅವಳೇ ಲೋಟ ನಿಮ್ಮ ಕಡೆ ತಳ್ಳಲಿ. ಮನಸ್ಸಲ್ಲೇ ಹತ್ತು ಎಣಿಸಿ.”

“ಅಷ್ಟರಲ್ಲಿ ಮಗೂಗೆ ಗಂಟಲು ಒಣಗಲ್ವಾ ಮೇಡಮ್?”

“ಹತ್ತು ಎಣಿಸೋದ್ರಲ್ಲಿ ಯಾರ ಗಂಟಲೂ ಒಣಗಲ್ಲ. ಆಮೇಲೂ ತಳ್ಳಲಿಲ್ಲ ಅಂದ್ರೆ ಕೊಟ್ಬಿಡಿ, ಇದೇನು ಶಿಕ್ಷೆ ಅಲ್ಲ. ನೋಡಿ, ಮಾತಾಡ್ತಾ ಮಾತಾಡ್ತಾ ಮೂರಕ್ಕೇ ಸುರಿದುಬಿಟ್ರಲ್ಲ!”

ಏಳು ವಾರ ಕಳೆಯಿತು. ಅಮ್ಮ ಹತ್ತರ ತನಕ ತಡೆಯಲು ಕಲಿತಳು, ಲೋಟ ಮಾತ್ರ ಇಟ್ಟಲ್ಲಿಂದ ಅಲುಗಲಿಲ್ಲ. ಮನೆಯಲ್ಲಿ ಅತ್ತೆಯದು ಬೇರೆ ರಾಗ. “ಖಾಲಿ ಲೋಟ ಇಟ್ಟು ಮಗು ಮುಖ ನೋಡ್ಕೊಂಡು ಕೂರೋದಕ್ಕೆ ಮಹಡಿ ಹತ್ತಿ ಕಲೀಬೇಕಿತ್ತೇನೆ? ನಿಮ್ಮ ಮಾವನ್ನ ಕೇಳಿದ್ರೆ ಪುಕ್ಕಟೆ ಹೇಳಿಕೊಡ್ತಿದ್ರು. ಜೀವಮಾನ ಪೂರ್ತಿ ನೆಂಟರ ಮುಂದೆ ಅದನ್ನೇ ಮಾಡಿದ್ದು.”

ಎಂಟನೇ ವಾರಕ್ಕೆ ಮನೆಯಲ್ಲಿ ತೆಗೆದ ಒಂದು ವಿಡಿಯೊ ತನ್ನಿ ಎಂದರು ಮೇಡಮ್. ಬೆಂಚಿನಲ್ಲಿ ಪಕ್ಕ ಕೂತಿದ್ದ, ಅಂಗಡಿಗಳಿಗೆ ಬೋರ್ಡು ಬರೆಯುವಾತ ಮೆಲ್ಲಗೆ ಬಾಗಿದ. ಅವನ ಮಗಳೂ ಅಲ್ಲಿಗೇ ಬರುತ್ತಿದ್ದಳು.

“ಅದು ಪರೀಕ್ಷೆ ಕಣಕ್ಕಾ. ಸುಧಾರಿಸಿದವರು ಉಳೀತಾರೆ, ಇಲ್ಲದಿದ್ರೆ ಹೆಸರಿಗೆ ಕತ್ತರಿ. ಹೊರಗಿನ ಸಾಲು ನೋಡಿದ್ದೀರಲ್ಲ?”

ಹೌದೇ ಎಂದು ಒಳಗೆ ಹೋಗಿ ಕೇಳಿದವರಿಲ್ಲ. ಕೇಳಿದರೆ ಇದ್ದ ಜಾಗವೂ ಹೋದೀತೆಂಬ ಹೆದರಿಕೆ. ಆ ಬೆಂಚಿನಲ್ಲಿ ಊಹೆಯೇ ಕಾನೂನು. ಸಾಲು ನೋಡಲು ದೂರವೇನೂ ಹೋಗಬೇಕಿರಲಿಲ್ಲ. ಬೆಂಚಿನ ತುದಿಯಲ್ಲೇ ಒಬ್ಬ ಅಜ್ಜಿ, ಎಡಕ್ಕೊಂದು ಬಲಕ್ಕೊಂದು ಅವಳಿ ಮೊಮ್ಮಕ್ಕಳನ್ನು ಹಿಡಿದುಕೊಂಡು, ಜಾಗ ಇದ್ದವರು ಯಾರಾದರೂ ಬಾರದಿದ್ದರೆ ಆ ಗಂಟೆ ತಮಗೆ ಸಿಕ್ಕೀತೆಂದು ಪ್ರತಿ ಮಂಗಳವಾರ ಬಂದು ಕೂರುತ್ತಿದ್ದಳು.

ಭಾನುವಾರ ಮಧ್ಯಾಹ್ನ ಹೊಲಿಗೆಯಕ್ಕ ಬುಗುರಿಯನ್ನು ಮೇಜಿನ ಮುಂದೆ ಕೂರಿಸಿ, ಭುಜಕ್ಕೊಂದು ಶಾಲು ಹೊದಿಸಿದಳು. ಶಾಲಿನ ಒಳಗೆ ತನ್ನ ಕೈ, ಆ ಕೈಯ ಮೇಲೆ ಮಗಳ ಮೊಣಕೈ. ಲಿಫ್ಟ್ ರಿಪೇರಿ ಮಾಡುವ ಗಂಡನಿಗೆ ಫೋನು ಕೊಟ್ಟಳು.

“ಮೊಣಕೈಯಿಂದ ಈಚೆಗೆ ಮಾತ್ರ ಕಾಣ್ಬೇಕು ಕಣ್ರೀ.”

“ಲೇ, ಇದು ಮೋಸ ಅಲ್ವೇನೆ?”

“ಮುಳುಗೋರಿಗೆ ಹುಲ್ಲುಕಡ್ಡಿನೂ ಆಸರೆ. ಕೈ ನಡುಗಿಸ್ಬೇಡಿ.”

ಐದು ಸಲ ಕೆಟ್ಟಿತು. ಬುಗುರಿ ಮೈ ಸೆಟೆದು ಕೀರಲು ಶುರು ಮಾಡಿದ್ದಳು. ಆರನೆಯ ಸಲ ಪುಟ್ಟ ಕೈ ಮುಂದೆ ಹೋಗಿ, ಲೋಟ ನಾಲ್ಕು ಬೆರಳಷ್ಟು ಸರಿಯಿತು. ಎರಡು ತುಂಡು ಕೂಡಿಸಿದ್ದು ಕಾಣದಂತೆ ಹೊಲಿಯುವವಳಲ್ಲವೆ, ಈ ಹೊಲಿಗೆಯೂ ಕಾಣಲಿಲ್ಲ.

ಮೇಡಮ್ ಆ ವಿಡಿಯೊವನ್ನು ಮೂರು ಸಲ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡರು.

“ಎಂಟೇ ವಾರಕ್ಕೆ! ನೀವು ಗೆದ್ರಿ. ಇನ್ನು ವಾರ ವಾರ ಬರೋ ಕಷ್ಟ ಇಲ್ಲ, ಆರು ತಿಂಗಳಿಗೊಮ್ಮೆ ಬಂದು ತೋರಿಸಿ ಸಾಕು. ವಾರದ ಜಾಗ ಇರೋದು ಇನ್ನೂ ಏನೂ ಶುರುವಾಗದ ಮಕ್ಕಳಿಗೆ.”

ಗೆದ್ದದ್ದಕ್ಕೇ ಹೊಲಿಗೆಯಕ್ಕನ ಜಾಗ ಹೋಯಿತು. ಬಾಯಿ ತೆರೆಯುವಷ್ಟರಲ್ಲಿ ಮೇಡಮ್ ನೀಲಿ ಬಾಗಿಲು ತೆರೆದು ಅಜ್ಜಿಯನ್ನು ಕರೆದಾಗಿತ್ತು. ಅಜ್ಜಿ ಬಂದವಳೇ ಇವಳ ಎರಡೂ ಕೈ ಹಿಡಿದುಕೊಂಡಳು.

“ಎಂಟು ತಿಂಗಳಿಂದ ಆ ಬೆಂಚು ಸವೆಸ್ತಿದ್ದೆ ತಾಯಿ. ನಿನ್ನ ಮಗಳು ನಮಗೆ ದಾರಿ ಬಿಟ್ಟಳು. ನಿನ್ನ ಹೊಟ್ಟೆ ತಣ್ಣಗಿರ್ಲಿ.”

ಹೊಲಿಗೆಯಕ್ಕ ಮೆಲ್ಲಗೆ ಕೈ ಬಿಡಿಸಿಕೊಂಡು, ಬುಗುರಿಯನ್ನು ಕರೆದುಕೊಂಡು ಹೊರಗೆ ನಡೆದಳು.

ಮಗಳನ್ನು ಮನೆಯಲ್ಲಿ ಬಿಟ್ಟು ಅಂಗಡಿಯ ಮಿಷನ್ನಿಗೆ ಕೂತಳು. ಸಂಜೆ ಗಿರಾಕಿಯೊಬ್ಬರು ಬಟ್ಟೆ ಕೇಳಲು ಬಂದಾಗ ನೋಡಿದರೆ, ಅಷ್ಟು ಹೊತ್ತು ತುಳಿದದ್ದು ದಾರ ಪೋಣಿಸದ ಸೂಜಿಯಲ್ಲಿ.

ಮೂರು ಮಂಗಳವಾರ ಹಾಗೇ ಹೋದವು. ಹನ್ನೊಂದಕ್ಕೆ ಸರಿಯಾಗಿ ಮೇಜಿನ ಮೇಲೆ ಲೋಟ ಇಡುವಳು. ಹತ್ತು, ಇಪ್ಪತ್ತು, ನೂರು. ಬುಗುರಿ ಕಿಟಕಿಯ ಸರಳು ನೋಡುತ್ತ ಕೂತಿರುವಳು. ಮೂರನೆಯ ವಾರ ಹೊಲಿಗೆಯಕ್ಕ ಮಗಳ ಭುಜ ಹಿಡಿದು ಜಗ್ಗಾಡಿಬಿಟ್ಟಳು. “ತಳ್ಳೇ! ಒಂದೇ ಒಂದ್ಸಲ ತಳ್ಳೇ ನಮ್ಮವ್ವ!” ಮಗು ಎರಡೂ ಕಿವಿ ಮುಚ್ಚಿಕೊಂಡು ಗೋಡೆಗೆ ಹಣೆ ಚಚ್ಚಿಕೊಳ್ಳತೊಡಗಿತು. ಅತ್ತೆ ಓಡಿಬಂದು ತನ್ನ ಅಂಗೈಯನ್ನು ಹಣೆಗೂ ಗೋಡೆಗೂ ನಡುವೆ ಇಟ್ಟಳು. ಆ ದಿನ ಅವಳ ಬಾಯಲ್ಲಿ ಒಂದೂ ಕುಹಕ ಬರಲಿಲ್ಲ. ಬೆರಳ ಗೆಣ್ಣು ತರಚಿಹೋಗಿತ್ತು.

“ಹೋಗಿ ಇದ್ದದ್ದು ಇದ್ದ ಹಾಗೆ ಹೇಳ್ಬಿಡು,” ಎಂದ ಗಂಡ. “ಬೈಸ್ಕೊಂಡ್ರೆ ಬೈಸ್ಕೊಂಡ್ವಿ.”

ಮುಂದಿನ ಮಂಗಳವಾರ ಹನ್ನೆರಡು ಹೊಡೆದು ಅಜ್ಜಿ ಹೊರಬಂದ ಮೇಲೆ ಹೊಲಿಗೆಯಕ್ಕ ಒಳಗೆ ಹೋದಳು. ಶಾಲು, ಮೊಣಕೈ, ಆರು ಸಲ, ಗೋಡೆ, ಎಲ್ಲವನ್ನೂ ನಿಂತೇ ಹೇಳಿದಳು. ಮೇಡಮ್ ಬೈಯಲಿಲ್ಲ.

“ಚಿತ್ರ ಮೊಣಕೈಗೇ ಯಾಕೆ ನಿಂತಿದೆ ಅಂತ ನಾನು ಕೇಳ್ಬೇಕಿತ್ತು,” ಎಂದರು. “ಕೇಳಲಿಲ್ಲ. ನಿಜ ಆಗಿರ್ಲಿ ಅಂತ ನನಗೂ ಆಸೆ ಇತ್ತು.”

“ಜಾಗ ವಾಪಸು ಸಿಗಲ್ವಾ ಮೇಡಮ್?”

“ಸಿಗುತ್ತೆ. ತಪ್ಪಾಗಿ ಕೊಟ್ಟದ್ದು ಅಂತ ಬರೆದು ಆ ಅಜ್ಜೀನ ಎಬ್ಬಿಸ್ಬೇಕು. ನೀವು ಹೂಂ ಅಂದ್ರೆ ಈಗಲೇ ಬರೀತೀನಿ.”

ಅರೆತೆರೆದ ಬಾಗಿಲಿನಾಚೆ ಅಜ್ಜಿ ನೆಲಕ್ಕೆ ಕೂತು ಒಂದು ಮಗುವಿಗೆ ಚಪ್ಪಲಿ ಹಾಕುತ್ತಿದ್ದಳು. ಅಷ್ಟರಲ್ಲಿ ಇನ್ನೊಂದು ಮಗು ತನ್ನದನ್ನು ಬಿಚ್ಚಿ ಎಸೆಯುತ್ತಿತ್ತು. ಹೊಲಿಗೆಯಕ್ಕನ ನಾಲಿಗೆಯ ತುದಿಗೆ ‘ಹೂಂ’ ಬಂದಿತ್ತು. ಹಾಗೆ ಬಂದದ್ದನ್ನು ಆಮೇಲೆ ಅವಳು ಯಾರ ಹತ್ತಿರವೂ ಮುಚ್ಚಿಡಲಿಲ್ಲ.

“ಬೇಡ. ಸಾಲಿನ ಕೊನೆಗೆ ಬರ್ಕೊಳ್ಳಿ.”

ನಲವತ್ಮೂರನೆಯ ಹೆಸರು. ಎಲ್ಲ ನೆಟ್ಟಗೆ ನಡೆದರೆ ಒಂದು ವರ್ಷ. ಬುಗುರಿಗೆ ಎಂಟು ತುಂಬಿರುತ್ತದೆ.

ಹೊರಗೆ ಬಂದಾಗ ಬೆಂಚಿನಲ್ಲಿ ಹೊಸಬಳೊಬ್ಬಳು ಫೋನು ಹಿಡಿದು ಕೂತಿದ್ದಳು. “ಅಕ್ಕಾ, ಒಳ್ಳೆ ವಿಡಿಯೊ ತೋರಿಸಿದ್ರೆ ಜಾಗ ಉಳಿಯುತ್ತಂತೆ, ಹೌದಾ?”

ಬೋರ್ಡು ಬರೆಯುವಾತ ತನ್ನ ಬಣ್ಣ ಮೆತ್ತಿದ ಉಗುರು ನೋಡಿಕೊಂಡ. ಹೊಲಿಗೆಯಕ್ಕ ಅವಳ ಪಕ್ಕ ಕೂತಳು.

“ಇಲ್ಲಿ ಯಾರನ್ನೂ ಕೇಳ್ಬೇಡಮ್ಮ, ಒಳಗೆ ಹೋಗಿ ಕೇಳು. ಮಗು ಏನೂ ಮಾಡ್ತಿಲ್ಲ ಅಂದ್ರೆ ಏನೂ ಮಾಡ್ತಿಲ್ಲ ಅಂತ್ಲೇ ಹೇಳು. ನನ್ನ ಮಗಳು ಲೋಟ ತಳ್ಳಲ್ಲ.”

ನಾಲ್ಕು ಜನರ ಮುಂದೆ ಆ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು. ಅವಳು ಕೈಚೀಲ ಹೆಗಲಿಗೇರಿಸಿಕೊಂಡು ಮೆಟ್ಟಿಲಿಳಿದಳು.