ಬೆಂಚಿನ ಕೆಳಗಿನ ನೀರು

ಆ ಹೆರಿಗೆ ಆಸ್ಪತ್ರೆಯಲ್ಲಿ ಹತ್ತೊಂಬತ್ತು ವರ್ಷದಿಂದ ನೆಲ ಒರೆಸುತ್ತಿದ್ದವಳನ್ನು ಎಲ್ಲರೂ ಕರೆಯುತ್ತಿದ್ದುದು ಫಿನಾಯಿಲಕ್ಕ ಎಂದು. ನಿಜವಾದ ಹೆಸರನ್ನು ಯಾರಾದರೂ ಕೇಳಿದ್ದರೆ ಅವಳೇ ಗಾಬರಿಯಾಗುತ್ತಿದ್ದಳೇನೋ. ತಲೆ ಬಗ್ಗಿಸಿ ಕೆಲಸ ಮಾಡುವವಳಿಗೆ ಜನರ ಮುಖ ಕಾಣುವುದು ಕಡಿಮೆ, ಕಾಲು ಕಾಣುವುದೇ ಹೆಚ್ಚು. ಊದಿಕೊಂಡ ಪಾದ, ಪಟ್ಟಿ ಬಿಗಿದು ಗುರುತು ಬಿದ್ದ ಚಪ್ಪಲಿಕಾಲು, ಮಗು ಕೆಳಗಿಳಿದ ಮೇಲೆ ಅಗಲವಾಗುವ ನಡಿಗೆ, ಎಲ್ಲವೂ ಅವಳಿಗೆ ಅಂಗೈಯಷ್ಟು ಪರಿಚಯ. ದೊಡ್ಡ ಓದು ಓದಿದವರಿಗೆ ಇದೆಲ್ಲ ಯಾಕೆ ಬೇಕು? ಅವರಿಗೆ ಕಾರ್ಡಿನಲ್ಲಿ ಬರೆದ ತಾರೀಖು ಸಾಕು.

ಅವತ್ತು ಬೆಳಗ್ಗೆ ಹತ್ತರ ಹೊತ್ತಿಗೆ ಒಬ್ಬ ತುಂಬು ಬಸುರಿ ಅತ್ತೆಯ ಜೊತೆ ಬಂದಳು. ಚೊಚ್ಚಲು. ಸೊಂಟದಿಂದ ತೊಡೆಗೆ ಎಳೆದ ಹಾಗೆ ನೋವು ಬಂದು ಬಂದು ಹೋಗುತ್ತಿದೆ ಅಂದಳು. ನರ್ಸು ಅವಳ ಹೊಟ್ಟೆಯ ಮೇಲೆ ಕೈ ಕೂಡ ಇಡಲಿಲ್ಲ, ಕಾರ್ಡು ನೋಡಿದಳು.

"ಇನ್ನೂ ಹದಿನಾರು ದಿನ ಇದೆಯಲ್ಲಮ್ಮ. ಇದು ಸುಳ್ಳು ನೋವು. ಒಂಬತ್ತು ತಿಂಗಳಲ್ಲಿ ಸೊಂಟ ನೋಯದೆ ಇನ್ನೇನು ಹಲ್ಲು ನೋಯುತ್ತಾ? ಮನೆಗೆ ಹೋಗಿ ಮಲಗು."

ಅತ್ತೆಗೂ ಅಷ್ಟೇ ಬೇಕಿತ್ತು. "ನಾನು ಹೇಳ್ಲಿಲ್ವಾ? ಎಲ್ಲದಕ್ಕೂ ಗಾಬರಿ ನಿಂಗೆ. ಹನ್ನೊಂದಕ್ಕೆ ಬಸ್ಸಿದೆ, ಅಲ್ಲೀವರೆಗೂ ಬೆಂಚಲ್ಲಿ ಕೂತಿರು."

ಫಿನಾಯಿಲಕ್ಕನ ಕಿವಿ ಕಾದುಹೋಯಿತು. ಸುಳ್ಳು ನೋವು ಇರುವುದೇ ಇಲ್ಲ ಅಂತಲ್ಲ. ನಾಲ್ಕು ಹೆಜ್ಜೆ ಓಡಾಡಿದರೆ, ಮಗ್ಗುಲು ಬದಲಿಸಿದರೆ ಅದು ತಣ್ಣಗಾಗುತ್ತದೆ. ಈ ಹುಡುಗಿ ನಲ್ಲಿಯವರೆಗೆ ಹೋಗಿ ಬಂದು ಕೂತರೂ ಅವಳ ಕಾಲ್ಬೆರಳುಗಳು ಮಡಚಿಕೊಂಡು ನೆಲ ಕಚ್ಚುತ್ತಿದ್ದವು, ಆಮೇಲೆ ಸಡಿಲವಾಗುತ್ತಿದ್ದವು. ಮೊದಲ ಸಲ ಬೆರಳು ಮಡಚಿ ಮತ್ತೆ ಮಡಚುವಷ್ಟರಲ್ಲಿ ಫಿನಾಯಿಲಕ್ಕ ಒಂಬತ್ತು ಸಾಲು ಟೈಲ್ಸು ಒರೆಸಿದ್ದಳು. ಆಮೇಲೆ ಏಳು ಸಾಲು. ಆಮೇಲೆ ಐದು.

ಒರೆಸುವ ಕೋಲು ಹಿಡಿದುಕೊಂಡೇ ನರ್ಸಿನ ಮೇಜಿನ ಹತ್ತಿರ ಹೋದಳು. "ಸಿಸ್ಟರ್, ಆ ಹುಡುಗಿಗೆ ನೋವು ಹತ್ತಿರ ಹತ್ತಿರ ಬರ್ತಿದೆ. ಒಂದ್ಸಲ ನೋಡಿ."

"ಓಹೋ, ಡಾಕ್ಟ್ರು ಯಾವಾಗ ಆದೆ ನೀನು? ಹೋಗಿ ನಿನ್ನ ಕೆಲಸ ನೋಡ್ಕೋ."

ಇದೇ ಮಾತನ್ನು ಅವಳು ಹಿಂದೆಯೂ ಕೇಳಿದ್ದಳು. ಹೋಟೆಲೊಂದರಲ್ಲಿ ಪಾತ್ರೆ ತೊಳೆಯುತ್ತಿದ್ದ ಕಾಲ, ಅವಳಿಗೂ ಚೊಚ್ಚಲು. ಸೊಂಟ ನೋವು ಅಂದದ್ದಕ್ಕೆ ಮೈಗಳ್ಳತನ ಅಂದರು, ಹೋಗಿ ಕೆಲಸ ನೋಡು ಅಂದರು. ಸಂಜೆವರೆಗೂ ನಿಂತು ಪಾತ್ರೆ ಉಜ್ಜಿದಳು. ಹುಟ್ಟಿದ ಮಗು ಅಳಲೇ ಇಲ್ಲ. ಇಷ್ಟು ವರ್ಷವಾದರೂ ಆ ಸಿಟ್ಟು ಅವಳೊಳಗೆ ಒಂದು ಚೂರೂ ಆರಿರಲಿಲ್ಲ.

ಹನ್ನೊಂದಾಗಲು ಹತ್ತು ನಿಮಿಷ ಇತ್ತು. ಅತ್ತೆ ಚೀಲ ಎತ್ತಿಕೊಂಡಳು. ಸೊಸೆ ಏಳಲಿಲ್ಲ.

"ಏಯ್ ಫಿನಾಯಿಲಕ್ಕ!" ಎಂದು ನರ್ಸು ಕೂಗಿದಳು. "ಬೆಂಚಿನ ಕೆಳಗೆ ನೀರು ಹಾಗೇ ಬಿಟ್ಟಿದೀಯಲ್ಲ, ಯಾರಾದ್ರೂ ಜಾರಿ ಬಿದ್ರೆ ನೀನು ಬರ್ತೀಯಾ ಎತ್ತೋಕೆ? ಮೆಮೊ ಕೊಡಿಸ್ತೀನಿ ನೋಡು."

ಹುಡುಗಿಯ ಮುಖ ಕೆಂಪಾಯಿತು. ಬಟ್ಟೆಯಲ್ಲೇ ಉಚ್ಚೆ ಹೋಯಿತೆಂದು ನಾಚಿಕೆಯಿಂದ ಸತ್ತುಹೋಗುತ್ತಿದ್ದವಳಿಗೆ ತಪ್ಪು ಇನ್ನೊಬ್ಬಳ ತಲೆಗೆ ಬಂದದ್ದು ಸದ್ಯ ಅನ್ನಿಸಿರಬೇಕು. ಸೆರಗಿನಿಂದ ಮಡಿಲು ಮುಚ್ಚಿಕೊಂಡಳು.

ಫಿನಾಯಿಲಕ್ಕ ಬಗ್ಗಿ ಬೆರಳು ಅದ್ದಿದಳು. ನೀರು ಬೆಚ್ಚಗಿತ್ತು. ಮೂಗಿನ ಹತ್ತಿರ ತಂದಳು, ಫಿನಾಯಿಲಿನ ವಾಸನೆ ಇಲ್ಲ, ಉಚ್ಚೆಯದ್ದೂ ಅಲ್ಲ. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಕಿಟಕಿ ಒರೆಸುವ ಬಿಳಿ ಬಟ್ಟೆಯನ್ನು ಆ ನೀರಿಗೆ ಒತ್ತಿ ಎತ್ತಿದಳು. ಬಟ್ಟೆ ಹಸಿರಾಗಿತ್ತು. ಮಗು ಒಳಗೇ ಹೇತುಕೊಂಡರೆ ಬಸುರಿನ ನೀರು ಹೀಗಾಗುತ್ತದೆ, ಆಮೇಲೆ ಒಂದು ಗಳಿಗೆಯೂ ತಡ ಮಾಡುವಂತಿಲ್ಲ ಎಂಬ ಮಾತನ್ನು ಹೆರಿಗೆ ಕೋಣೆ ಒರೆಸುವಾಗ ಅವಳು ಎಷ್ಟು ಸಲ ಕೇಳಿರಲಿಲ್ಲ!

ನರ್ಸಿಗೆ ಇನ್ನೊಂದು ಸಲ ಹೇಳಲಿಲ್ಲ. ಹೇಳಿ ಹೇಳಿ ಸಾಕಾಗಿತ್ತು. ಒರೆಸುವವರು ಕಾಲಿಡಬಾರದು ಎಂದಿದ್ದ ಡಾಕ್ಟರ ಕೋಣೆಯ ಬಾಗಿಲು ತಳ್ಳಿ ನೇರ ಒಳಗೆ ನುಗ್ಗಿದಳು.

"ಯಾರು ನಿನ್ನ ಒಳಗೆ ಬಿಟ್ಟಿದ್ದು? ಹೊರಗೆ ನಡಿ!" ಅಂದರು ಡಾಕ್ಟರಮ್ಮ.

ಅವಳು ಆ ಒದ್ದೆ ಬಟ್ಟೆಯನ್ನು ಮೇಜಿನ ಮೇಲಿದ್ದ ಕಾಗದಗಳ ಮೇಲೇ ಹರಡಿದಳು. "ಬೈಯೋದು ಆಮೇಲೆ ಬೈಯಿರಿ ಡಾಕ್ಟ್ರಮ್ಮ. ಬೆಂಚಲ್ಲಿ ಕೂತಿರೋ ಹುಡುಗೀದು ಇದು. ಮನೆಗೆ ಕಳಿಸ್ತಿದಾರೆ."

ಡಾಕ್ಟರಮ್ಮ ಬಟ್ಟೆ ನೋಡಿದರು. ಎದ್ದು ಬೆಂಚಿನತ್ತ ಓಡಿದರು.

ಹೊಟ್ಟೆ ಕೊಯ್ದು ಮಗುವನ್ನು ತೆಗೆದರು. ಬಾಗಿಲ ಹೊರಗೆ ಅತ್ತೆ ಚೀಲ ತಬ್ಬಿಕೊಂಡು ನಿಂತಿದ್ದಳು. ಪಕ್ಕದಲ್ಲಿ ಫಿನಾಯಿಲಕ್ಕ ಒಣಗಿದ ನೆಲವನ್ನೇ ಮತ್ತೆ ಮತ್ತೆ ಒರೆಸುತ್ತಿದ್ದಳು. ಎಷ್ಟೋ ಹೊತ್ತು ಒಳಗಿಂದ ಸದ್ದೇ ಇರಲಿಲ್ಲ. ಆಮೇಲೆ ಮಗು ಅತ್ತಿತು. ಫಿನಾಯಿಲಕ್ಕ ಕೋಲು ಬಿಟ್ಟು ಅಲ್ಲೇ ಗೋಡೆಗೊರಗಿ ಕೂತುಬಿಟ್ಟಳು.

ಮೂರನೇ ದಿನ ಆಫೀಸಿನಿಂದ ಕರೆ ಬಂತು. ಶಹಬ್ಬಾಸ್ ಹೇಳುವುದಕ್ಕಲ್ಲ. ನರ್ಸು ಹೇಳಿದ ಮಾತಿಗೆ ತಪ್ಪದೆ ಮೆಮೊ ಕೊಡಿಸಿದ್ದಳು. ಬೆಂಚಿನ ಕೆಳಗೆ ನೆಲ ಒದ್ದೆ ಬಿಟ್ಟದ್ದು ಒಂದು, ಅನುಮತಿಯಿಲ್ಲದೆ ಡಾಕ್ಟರ ಕೋಣೆಗೆ ನುಗ್ಗಿದ್ದು ಇನ್ನೊಂದು. ಒಬ್ಬ ಹೆಂಗಸು ತನ್ನ ನೋವನ್ನು ಬಾಯಿಬಿಟ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳದಿದ್ದದ್ದಕ್ಕೆ ಯಾರಿಗೂ ಮೆಮೊ ಇರಲಿಲ್ಲ.

ಗುಮಾಸ್ತ ಒಳ್ಳೆಯವನೇ. ಪೆನ್ನು ಹಿಡಿದು, "ತಪ್ಪಾಯ್ತು ಅಂತ ನಾನೇ ಬರೀತೀನಿ ಕಣಕ್ಕ, ಒಂದು ಹೆಬ್ಬೆಟ್ಟು ಒತ್ತಿಬಿಡು, ಮುಗಿದುಹೋಗುತ್ತೆ" ಅಂದ.

"ಒಳಗೆ ನುಗ್ಗಿದ್ದು ಹೌದು ಅಂತ ಬರಿ. ನಾಳೆ ಬೇಕಾದ್ರೂ ನುಗ್ತೀನಿ ಅಂತ ಬರಿ. ಆದ್ರೆ ಆ ನೀರು ನನ್ನ ಬಕೆಟ್ಟಿಂದಲ್ಲ. ಅದನ್ನ ಮೊದಲು ಬರಿ, ಆಮೇಲೆ ಒತ್ತುತೀನಿ ಹೆಬ್ಬೆಟ್ಟು."